ಅಟ್ಟವರಾರು, ಕೊಂಡವರಾರು?

“ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ಮೈಸೂರಿನ ಕುವೆಂಪುನಗರದಂಥ ಬಡಾವಣೆಯ ಯಾವುದಾದರೊಂದು ಮನೆಯಲ್ಲಿ, ಶಾಲೆಗೆ ಹೋಗುವ ಮಗುವನ್ನು ಕರೆದು ಇದರ ಅರ್ಥವನ್ನು ಕೇಳಿ ನೋಡಿ. ಅಟ್ಟದ ಮೇಲೆ ಯಾರೋ ಒಲೆ ಹೂಡಿದರೆಂದು ಅದು ಭಾವಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ತಪ್ಪು ಮಗುವಿನದಲ್ಲ. ಬೇಯಿಸು, ಪಾಕಮಾಡು ಎಂಬ ಅರ್ಥದ ‘ಅಡು’ ಎಂಬ ಕ್ರಿಯಾಪದ ನಮ್ಮ ದಿನಬಳಕೆಯಿಂದ ಎಂದೋ ಎದ್ದುಹೋಯಿತು. ಅದರ ಸಂತಾನವಾದ ‘ಅಡಿಗೆ’ ಮಾತ್ರ ಉಳಿದಿದೆ. ಇಂದು ಅಡುವವರಿಲ್ಲ, ಅಡಿಗೆ ಮಾಡುವವರಿದ್ದಾರೆ. ಗಾದೆಯ ಉತ್ತರಾರ್ಧದ ‘ಕೆಡು’ ಬದುಕಿದೆ, ಆದರೆ ಸೌಮ್ಯವಾಗಿದೆ. ಹಿಂದೆ ಅದಕ್ಕೆ ನಾಶವಾಗು, ಅಳಿ ಎಂಬ ಘೋರಾರ್ಥವಿತ್ತು. ಈಗ ಹಾಲು ಕೆಡುತ್ತದೆ, ಹೊಟ್ಟೆ ಕೆಡುತ್ತದೆ, ಗಡಿಯಾರ ಕೆಡುತ್ತದೆ. ಒಂದೇ ಗಾದೆಯಲ್ಲಿ ಕ್ರಿಯಾಪದಗಳ ಎರಡು ಗತಿಗಳೂ ಕಾಣಸಿಗುತ್ತವೆ: ಒಂದು ಮರಣ, ಇನ್ನೊಂದು ಪರಿವರ್ತನೆ.

ಇದು ಕನ್ನಡಕ್ಕೊಂದಕ್ಕೇ ಬಂದ ಅವಸ್ಥೆಯಲ್ಲ. ಚೀನೀ ಭಾಷೆಯಲ್ಲಿ ಇಂದು ‘ನಡೆ’ ಎಂಬರ್ಥದಲ್ಲಿ ಸಲ್ಲುವ ಕ್ರಿಯಾಪದಕ್ಕೆ ಆ ನಾಡಿನ ಪ್ರಾಚೀನ ಗ್ರಂಥಗಳಲ್ಲಿ ‘ಓಡು’ ಎಂದೇ ಅರ್ಥ. ಹಸಿವಿನಿಂದ ಬಳಲುವುದನ್ನು ಹೇಳುವ ಇಂಗ್ಲಿಷಿನ ‘ಸ್ಟಾರ್ವ್’ ಎಂಬುದು ಮೊದಲಿಗೆ ಕೇವಲ ‘ಸಾಯು’ ಎಂಬುದಾಗಿತ್ತು. ಬಳಸುವ ಜನರ ಬಾಳು ಬದಲಾದಂತೆ ಮಾತಿನ ಬಾಳೂ ಬದಲಾಗುವುದು ಸಹಜ.

ನಮ್ಮ ‘ಕೊಳ್’ ಧಾತುವನ್ನೇ ನೋಡಬಹುದು. ಹಳಗನ್ನಡದಲ್ಲಿ ಇದಕ್ಕೆ ಹಿಡಿ, ಸ್ವೀಕರಿಸು ಎಂಬ ಅರ್ಥಗಳೊಡನೆ, ಬಲಾತ್ಕಾರದಿಂದ ವಶಪಡಿಸಿಕೊ ಎಂಬ ಅರ್ಥವೂ ಉಂಟು. ‘ತುರುಗೊಳ್’ ಎಂದರೆ ಪರರ ದನಗಳನ್ನು ಹೊಡೆದುಕೊಂಡು ಹೋಗುವುದು. ಅವನ್ನು ಬಿಡಿಸಲು ಹೋರಾಡಿ ಮಡಿದವರ ವೀರಗಲ್ಲುಗಳು ನಾಡಿನ ತುಂಬ ನಿಂತಿವೆ. ಆ ಕಾಲದ ‘ಕೊಳ್’ ಇಂದು ದೇವರಾಜ ಮಾರುಕಟ್ಟೆಯಲ್ಲಿ ಹಣ ಕೊಟ್ಟು ವೀಳ್ಯದೆಲೆ ಕೊಳ್ಳುವ ಸಾಧು ಪದವಾಗಿದೆ. ಅದರ ಹಳೆಯ ಉಗ್ರತೆಯ ನೆನಪು ‘ಕೊಳ್ಳೆ’ ಎಂಬ ಪದದಲ್ಲಿ ಅಡಗಿದೆ. ಅಷ್ಟೇ ಅಲ್ಲ, ಅದು ಬೇರೆ ಕ್ರಿಯಾಪದಗಳ ಬೆನ್ನಿಗೆ ನಿಂತು ಊಳಿಗಕ್ಕೂ ತೊಡಗಿತು: ಬರೆದುಕೊ, ಮಲಗಿಕೊ, ನೋಡಿಕೊ. ಇಲ್ಲೆಲ್ಲ ಕೊಳ್ಳುವವರೂ ಇಲ್ಲ, ಮಾರುವವರೂ ಇಲ್ಲ.

‘ಒಪ್ಪು’ ಎಂಬುದರ ಕಥೆ ಇನ್ನೂ ಸೊಗಸು. ಪಂಪನ ಕಾಲವಾದ ಹತ್ತನೆಯ ಶತಮಾನದ ಕಾವ್ಯಭಾಷೆಯಲ್ಲಿ ಒಂದು ಪುರವೋ ಒಂದು ವನವೋ ‘ಒಪ್ಪಿತು’ ಎಂದರೆ ಚೆಲುವಾಗಿ ಶೋಭಿಸಿತು ಎಂದು ಅರ್ಥ. ಇಂದಿನ ವಿದ್ಯಾರ್ಥಿ ಆ ಪದವನ್ನು ಕಂಡು, ವನವು ಯಾವ ಷರತ್ತಿಗೆ ಒಪ್ಪಿತೆಂದು ತಬ್ಬಿಬ್ಬಾಗುತ್ತಾನೆ. ಆದರೆ ಆತನ ಅಜ್ಜಿ ಮನೆಯನ್ನು ಒಪ್ಪವಾಗಿಡು, ಒಪ್ಪ ಓರಣ ಕಲಿ ಎಂದು ಹೇಳುವಾಗ ಅರಿಯದೆಯೇ ಪಂಪನ ಅರ್ಥವನ್ನು ಕಾಪಾಡುತ್ತಿದ್ದಾಳೆ. ‘ತಿಳಿ’ ಎಂಬುದೂ ಹೀಗೆಯೇ. ಕಲಕಿದ ನೀರು ನಿಂತು ಸ್ವಚ್ಛವಾಗುವುದೇ ತಿಳಿಯುವುದು. ಅದೇ ಪದ ಮನಸ್ಸಿಗೂ ಸಂದು, ಅರಿವಾಗುವುದು ಎಂದಾಯಿತು. ನೀರಿನ ಅರ್ಥವನ್ನು ಮರೆತವರಿಗೂ ಊಟದ ಎಲೆಯ ಮೇಲಿನ ತಿಳಿಸಾರು ಅದನ್ನು ದಿನವೂ ಜ್ಞಾಪಿಸುತ್ತದೆ.

‘ಓದು’ ಎಂದರೆ ಹಿಂದೆ ಬಾಯಿಬಿಟ್ಟು ಪಠಿಸುವುದು. ತಮಿಳಿನ ‘ಓದು’ ಇಂದಿಗೂ ಮಂತ್ರಪಠನದ ಅರ್ಥವನ್ನು ಬಿಟ್ಟಿಲ್ಲ. ಕನ್ನಡದಲ್ಲಿ ಅದು ಮೌನವಾಯಿತು, ಬಳಿಕ ವ್ಯಾಸಂಗವೆಂದಾಯಿತು. ಆದರೂ ನಮ್ಮ ಸೀಮೆಯಲ್ಲಿ “ಮದುವೆಗೆ ಏನು ಓದಿಸಿದಿರಿ?” ಎಂದು ಕೇಳುವುದುಂಟು. ಉಡುಗೊರೆ ಕೊಟ್ಟವರ ಹೆಸರನ್ನು ಹಸೆಯ ಬಳಿ ಗಟ್ಟಿಯಾಗಿ ಸಾರುತ್ತಿದ್ದ ಪದ್ಧತಿಯ ಅವಶೇಷವಿದು. ಈಗ ಹಣ ಲಕೋಟೆಯೊಳಗೆ ಸದ್ದಿಲ್ಲದೆ ಕೈಸೇರುತ್ತದೆ. ಓದುವವರಿಲ್ಲದಿದ್ದರೂ ಓದಿಸುವುದು ನಿಂತಿಲ್ಲ. ಇನ್ನು ‘ಗೆಯ್’: ಹಳಗನ್ನಡದಲ್ಲಿ ಯಾವ ಕೆಲಸವನ್ನು ಮಾಡಿದರೂ ಗೆಯ್ದಂತೆ. ನಂಜನಗೂಡು, ಮಂಡ್ಯದ ಕಡೆಯ ರೈತರ ಬಾಯಲ್ಲಿ ‘ಗೇಮೆ’ ಎಂದರೆ ಹೊಲದ ದುಡಿಮೆ. ಒಕ್ಕಲಿಗನಿಗೆ ಕೆಲಸವೆಂದರೆ ಬೇಸಾಯವೇ ಅಲ್ಲವೆ?

ಭಯಭಕ್ತಿಗಳೂ ಅರ್ಥವನ್ನು ತಿರುಗಿಸಬಲ್ಲವು. ಹೊಸಿಲ ಬಳಿ ನಿಂತು ‘ಹೋಗುತ್ತೇನೆ’ ಎನ್ನುವುದು ಅಶುಭ. ಅದು ‘ಹೋಗಿ ಬರುತ್ತೇನೆ’ ಎಂದಾಗಿ, ಕಡೆಗೆ ಬರಿಯ ‘ಬರ್ತೀನಿ’ ಎಂದಾಯಿತು. ಹೊರಟು ನಿಂತವರೇ ‘ಬರ್ತೀನಿ’ ಎನ್ನುವ ಈ ವಿನೋದ ನಮಗೆ ವಿನೋದವೆನಿಸುವುದೇ ಇಲ್ಲ. ಒಡೆದ ಬಳೆಯನ್ನು ‘ಹೆಚ್ಚಿತು’ ಎನ್ನುವ ಮಾತಿನ ಹಿಂದೆಯೂ ಇದೇ ಅಂಜಿಕೆ ಇದೆ.

ಹಾಗಾದರೆ ಅರ್ಥ ಬದಲಾಯಿತೆಂದು ಮರುಗಬೇಕೆ? ಮರುಗಬೇಕಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳನ್ನು ಅರ್ಥಸಹಿತವಾಗಿ ಪಟ್ಟಿಮಾಡಿಟ್ಟ. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣಗೊಂಡು, ಒಂದೊಂದು ಪದದ ಪ್ರಯೋಗವನ್ನೂ ಶಾಸನ ಕಾವ್ಯಗಳಿಂದ ಎತ್ತಿ ತೋರಿಸಿತು. ಹಳೆಯ ಅರ್ಥ ಬೇಕಾದವರಿಗೆ ದಾರಿ ಇದ್ದೇ ಇದೆ.

ಚಿಂತೆ ಬೇರೊಂದಿದೆ. ಇಂದು ನಗರದ ಮನೆಗಳಲ್ಲಿ ತರಕಾರಿಯನ್ನು ಹೆಚ್ಚುವುದಿಲ್ಲ, ‘ಕಟ್ ಮಾಡುತ್ತಾರೆ’. ಬಟ್ಟೆಯನ್ನು ಒಗೆಯುವುದಿಲ್ಲ, ‘ವಾಶ್ ಮಾಡುತ್ತಾರೆ’. ಒಗ್ಗರಣೆಯ ಸಾಸಿವೆಯನ್ನೂ ‘ಫ್ರೈ ಮಾಡುತ್ತಾರೆ’. ನಾಮಪದಕ್ಕೆ ‘ಮಾಡು’ ಹಚ್ಚುವುದು ಹೊಸತೇನಲ್ಲ. ಸಂಸ್ಕೃತದಿಂದ ಬಂದ ಪದಗಳಿಗೂ ನಾವು ಹಾಗೆಯೇ ಮಾಡಿದೆವು, ‘ಅಡು’ ಸತ್ತದ್ದೂ ‘ಅಡಿಗೆ ಮಾಡು’ ಎಂಬುದರಿಂದಲೇ. ಆದರೆ ಆಗ ಹೋದದ್ದು ಎಲ್ಲೋ ಒಂದೊಂದು. ಈಗ ಸಾಲುಸಾಲಾಗಿ ಹೋಗುತ್ತಿವೆ. ಮನೆಯ ಕೆಲಸವನ್ನೆಲ್ಲ ‘ಮಾಡು’ ಎಂಬ ಒಬ್ಬನೇ ಆಳಿನ ಹೆಗಲಿಗೆ ಹೊರಿಸಿ, ಕೊಚ್ಚು, ಸೋಸು, ಕೇರು, ತೊಳೆಸು, ಕಡೆ ಎಂಬ ನುರಿತ ಕೈಗಳನ್ನೆಲ್ಲ ನಾವು ಹೊರಕ್ಕೆ ಕಳುಹಿಸುತ್ತಿದ್ದೇವೆ.

ಅರ್ಥ ಬದಲಾಗಬೇಕಾದರೂ ಪದ ಬದುಕಿರಬೇಕು. ನೀರು ತಿಳಿಯಾದದ್ದನ್ನು ಕಂಡು ಅದೇ ಮಾತನ್ನು ಮನಸ್ಸಿಗೆ ಒಪ್ಪಿಸಿದವರು ಪಂಡಿತರಲ್ಲ, ಮನೆಮಂದಿ. ನಾಳಿನ ಮಕ್ಕಳು ಇಂದಿನ ಕ್ರಿಯಾಪದಗಳಿಗೆ ನಾವು ಕಾಣದ ಅರ್ಥಗಳನ್ನು ಕಟ್ಟಬಲ್ಲರು. ಆ ಪದಗಳನ್ನು ಅವರ ಕಿವಿಗೆ ಹಾಕುವುದಷ್ಟೇ ನಮ್ಮ ಪಾಲಿನ ಗೇಮೆ.