ಬೆಕ್ಕನ್ನು ಊರಿಗೆ ತರುವುದಾದರೆ ಜುಲೈ ಬೇಡ

ಗಲ್ಫ್ ಬಿಟ್ಟು ಕಾಯಂ ಆಗಿ ಊರಿಗೆ ಬರುವ ಮನೆಗಳಲ್ಲಿ ಈಗೊಂದು ಹೊಸ ತಲೆಬಿಸಿ. ಕಾರ್ಗೋ ಪೆಟ್ಟಿಗೆ ಕಟ್ಟಿ ಆಯಿತು, ಸೋಫಾ, ಫ್ರಿಜ್ ಮಾರಿ ಆಯಿತು, ಮಕ್ಕಳ ಟಿ.ಸಿ. ಕೈಗೆ ಬಂತು. ಆಗ ಮಕ್ಕಳು ಕೇಳುತ್ತಾರೆ, ‘ಉಮ್ಮಾ, ನಮ್ಮ ಬೆಕ್ಕು?’ ಶಾರ್ಜಾ, ದಮ್ಮಾಮ್, ಜುಬೈಲ್‌ನ ಫ್ಲ್ಯಾಟ್‌ಗಳಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಬೆಕ್ಕು ಉಂಟು. ಅದರಲ್ಲೂ ಉದ್ದ ಕೂದಲಿನ, ಚಪ್ಪಟೆ ಮುಖದ ಪರ್ಶಿಯನ್ ಬೆಕ್ಕಿನ ಮೇಲೆ ಎಲ್ಲರಿಗೂ ಪ್ರೀತಿ. ಹಾಗೆ ಸಾಕಿದ್ದನ್ನು ಕಟ್ಟಡದ ಕೆಳಗೆ ಬಿಟ್ಟು ವಿಮಾನ ಹತ್ತುವವರೂ ಇದ್ದಾರೆ. ಎಸಿಯಲ್ಲೇ ಬೆಳೆದ ಪ್ರಾಣಿ 45 ಡಿಗ್ರಿ ಬಿಸಿಲಲ್ಲಿ ಎಷ್ಟು ದಿನ ಬದುಕೀತು? ಅದು ಬೇಡ ಎಂದು ಗಡಿಬಿಡಿಯಲ್ಲಿ ಪಂಜರಕ್ಕೆ ತುಂಬಿ ಜುಲೈಯಲ್ಲೇ ವಿಮಾನಕ್ಕೆ ಹಾಕಿಸಿದರೆ ಅಪಾಯ ಕಡಿಮೆಯೇನೂ ಆಗುವುದಿಲ್ಲ.

ಹೆಚ್ಚಿನವರಿಗೆ ಹೆದರಿಕೆ ಇರುವುದು ಹಾರಾಟದ ಬಗ್ಗೆ. ನಿಜವಾಗಿ ವಿಮಾನ ಮೇಲೇರಿದ ಮೇಲೆ ಪ್ರಾಣಿಗಳನ್ನು ಇಡುವ ಕೆಳಗಿನ ಹೋಲ್ಡ್‌ನಲ್ಲಿ ಗಾಳಿಯ ಒತ್ತಡವೂ, ಉಷ್ಣಾಂಶವೂ ಹಿಡಿತದಲ್ಲಿರುತ್ತದೆ. ಕಷ್ಟ ಇರುವುದು ನೆಲದ ಮೇಲೆ. ಕಾರ್ಗೋ ಶೆಡ್‌ನಿಂದ ವಿಮಾನದವರೆಗೆ ಟ್ರಾಲಿಯಲ್ಲಿ ಎಳೆದುಕೊಂಡು ಹೋಗುವಾಗ, ಲೋಡ್ ಮಾಡಲು ಕಾಯುವಾಗ, ವಿಮಾನ ತಡವಾಗಿ ನಿಂತಲ್ಲೇ ನಿಂತಾಗ. ಕಾಂಕ್ರೀಟು ನೆಲ ಬಿಸಿಲನ್ನು ಕುಡಿದು ಕಾವಲಿಯ ಹಾಗೆ ಕಾದಿರುತ್ತದೆ, ಪಂಜರ ಇರುವುದು ಅದರ ಪಕ್ಕದಲ್ಲೇ.

ನಾವು ಬೆವರಿ ತಣ್ಣಗಾಗುತ್ತೇವೆ. ಬೆಕ್ಕು, ನಾಯಿ ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಸ್ವಲ್ಪ. ಸೆಕೆ ತಡೆಯಲಾಗದೆ ಹೋದರೆ ಬಾಯಿ ತೆರೆದು ಏದುಸಿರು ಬಿಟ್ಟು ಮೈಯ ಬಿಸಿ ಹೊರಹಾಕಬೇಕು. ಪರ್ಶಿಯನ್ ಬೆಕ್ಕು, ಪಗ್, ಬುಲ್‌ಡಾಗ್‌ಗಳಿಗೆ ಮೂಗೇ ಮೋಟು, ಶ್ವಾಸದ ದಾರಿ ಇಕ್ಕಟ್ಟು. ಮಾಮೂಲಿ ದಿನದಲ್ಲೇ ಗೊರಗೊರ ಉಸಿರಾಡುವ ಪ್ರಾಣಿ ಅದು. ಅಮೆರಿಕದ ಸಾರಿಗೆ ಇಲಾಖೆ ಒಮ್ಮೆ ಐದು ವರ್ಷಗಳ ಲೆಕ್ಕ ತೆಗೆದಾಗ ವಿಮಾನ ಪ್ರಯಾಣದಲ್ಲಿ ಸತ್ತ ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಇಂಥ ಮೋಟು ಮೂಗಿನವೇ ಆಗಿದ್ದವು. ಇದೇ ಕಾರಣಕ್ಕೆ ಬೇಸಿಗೆಯ ತಿಂಗಳುಗಳಲ್ಲಿ ಹಲವು ವಿಮಾನ ಕಂಪೆನಿಗಳು ಈ ತಳಿಗಳನ್ನು ಹೋಲ್ಡ್‌ಗೆ ತೆಗೆದುಕೊಳ್ಳುವುದೇ ಇಲ್ಲ. ಕೌಂಟರ್‌ನಲ್ಲಿ ‘ಆಗುವುದಿಲ್ಲ’ ಅಂದರೆ ಜಗಳ ಮಾಡಬೇಡಿ ಮಾರಾಯ್ರೆ, ಅವರು ಹೇಳುವುದು ಸರಿಯೇ.

‘ರಾತ್ರಿ ಫ್ಲೈಟ್ ಹಿಡಿದರೆ ಆಯಿತಲ್ಲ’ ಎನ್ನುವವರು ಉಂಟು. ಅಮೆರಿಕದ ಪ್ರಾಣಿ ರಕ್ಷಣಾ ನಿಯಮದ ಪ್ರಕಾರ ಬೆಕ್ಕು, ನಾಯಿಗಳನ್ನು ವಿಮಾನಕ್ಕೆ ಸಾಗಿಸುವಾಗ 29.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಸೆಕೆಯಲ್ಲಿ 45 ನಿಮಿಷ ದಾಟಿ ಇಡುವಂತಿಲ್ಲ. ಆ ನಿಯಮ ಗಲ್ಫ್‌ಗೆ ಅನ್ವಯಿಸುವುದಿಲ್ಲ, ಆದರೆ ಪ್ರಾಣಿಯ ಮೈ ಎಲ್ಲಿದ್ದರೂ ಒಂದೇ. ದುಬೈಯಲ್ಲಿ ಜುಲೈ ತಿಂಗಳ ನಡುರಾತ್ರಿಯೂ 30 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಜೊತೆಗೆ ಸಮುದ್ರದ ತೇವ. ರಾತ್ರಿ ಫ್ಲೈಟಿನ ಲೆಕ್ಕ ನಡೆಯುವುದು ಮಾರ್ಚ್‌ನಲ್ಲಿ, ನವೆಂಬರ್‌ನಲ್ಲಿ. ನಮ್ಮ ಮಕ್ಕಳು ಓದುವ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷ ಮುಗಿಯುವುದೂ ಮಾರ್ಚ್‌ನಲ್ಲೇ. ಫೈನಲ್ ಎಕ್ಸಿಟ್ ನಿಮ್ಮ ಕೈಯಲ್ಲಿದ್ದರೆ ಆ ತಿಂಗಳನ್ನೇ ಹಿಡಿಯಿರಿ.

ಮಾರ್ಚ್‌ಗೆ ಹೊರಡಲು ಜನವರಿಯಲ್ಲೇ ಓಡಾಟ ಶುರು ಆಗಬೇಕು. ಬೆಕ್ಕಿಗೆ ಮೈಕ್ರೋಚಿಪ್ ಹಾಕಿಸಬೇಕು. ರೇಬಿಸ್ ಚುಚ್ಚುಮದ್ದು ಕೊಡಿಸಿ ಒಂದು ತಿಂಗಳು ಕಳೆದಿರಬೇಕು, ವರ್ಷ ದಾಟಿರಬಾರದು. ಆ ದೇಶದ ಸರಕಾರಿ ಪಶುವೈದ್ಯರ ಆರೋಗ್ಯ ಪತ್ರ ಬೇಕು. ಯುಎಇಯಲ್ಲಾದರೆ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯದ ರಫ್ತು ಪರವಾನಿಗೆಯೂ ಬೇಕು. ಭಾರತದ ಪ್ರಾಣಿ ಕ್ವಾರಂಟೈನ್ ಇಲಾಖೆಯ ಎನ್‌ಒಸಿ ಇಲ್ಲದೆ ಇಲ್ಲಿ ಇಳಿಸಲು ಬಿಡುವುದಿಲ್ಲ. ಇನ್ನೊಂದು ಮಾತು, ಇದು ಹಲವರಿಗೆ ಗೊತ್ತಿಲ್ಲ: ಬ್ಯಾಗೇಜ್ ಆಗಿ ಪ್ರಾಣಿ ತರುವ ಅವಕಾಶ ಇರುವುದು ಎರಡು ವರ್ಷ ವಿದೇಶದಲ್ಲಿದ್ದು ಕಾಯಂ ಆಗಿ ಮರಳುವವರಿಗೆ, ಅದೂ ಎರಡು ಪ್ರಾಣಿಗಳವರೆಗೆ. ಎರಡು ತಿಂಗಳ ರಜೆಗೆ ಬರುವವರು ಬೆಕ್ಕನ್ನು ಪಕ್ಕದ ಮನೆಯವರಿಗೋ, ಬೋರ್ಡಿಂಗ್‌ನವರಿಗೋ ಒಪ್ಪಿಸಿ ಬರುವುದು ಒಳ್ಳೆಯದು.

ಮಂಗಳೂರಿನ ಬಜ್ಪೆಯಲ್ಲಿ ಆ ಕ್ವಾರಂಟೈನ್ ಕಚೇರಿ ಇಲ್ಲ. ಬೆಂಗಳೂರು, ಮುಂಬೈಯಂಥ ಕಡೆ ಇಳಿಯಬೇಕು. ಕೊಚ್ಚಿಯಲ್ಲೂ 2024ರಲ್ಲಿ ಈ ಸೌಕರ್ಯ ಆಗಿದೆ. ಎಲ್ಲಿಗಾದರೂ ನೇರ ಫ್ಲೈಟ್ ನೋಡಿ. ನಡುವೆ ಒಂದು ಕಡೆ ಇಳಿಸಿ ಹತ್ತಿಸುವುದೆಂದರೆ ಮತ್ತೆರಡು ಸಲ ಬಿಸಿಲಿಗೆ ಇಟ್ಟ ಹಾಗೆ. ಕ್ಯಾಬಿನ್‌ನಲ್ಲಿ ಕಾಲಬುಡದಲ್ಲೇ ಇಟ್ಟುಕೊಳ್ಳಲು ಬಿಡುತ್ತಾರಾ ಎಂದು ಟಿಕೆಟ್ ಮಾಡುವ ಮೊದಲೇ ಕೇಳಿ. ಕಂಪೆನಿಯಿಂದ ಕಂಪೆನಿಗೆ ನಿಯಮ ಬೇರೆ. ಎಮಿರೇಟ್ಸ್‌ನವರು ಬೆಕ್ಕನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ, ಆದರೆ ಕೆಲವು ದಾರಿಗಳಲ್ಲಿ ಗಿಡುಗಕ್ಕೆ ಸೀಟು ಉಂಟು! ಅರಬರ ಗಿಡುಗದ ಮುಂದೆ ನಮ್ಮ ಬೆಕ್ಕಿಗೆ ಎಲ್ಲಿಯ ಮರ್ಯಾದೆ.

ಏಜೆಂಟರ ಮೂಲಕ ಕಳಿಸುವವರು ದರದ ಮಾತಿಗಿಂತ ಮೊದಲು ಬೇರೆ ಕೆಲವು ವಿಷಯ ಕೇಳಬೇಕು. ವಿಮಾನ ಹೊರಡುವ ಎಷ್ಟು ಗಂಟೆ ಮೊದಲು ಬೆಕ್ಕನ್ನು ಒಪ್ಪಿಸಬೇಕು? ಅಷ್ಟು ಹೊತ್ತು ಅದನ್ನು ಇಡುವ ಕೋಣೆಯಲ್ಲಿ ಎಸಿ ಉಂಟಾ? ಫ್ಲೈಟ್ ತಡವಾದರೆ ಯಾರು ಫೋನ್ ಎತ್ತುತ್ತಾರೆ? ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದಷ್ಟೇ ಹೇಳುವವರಿಗಿಂತ ಗಂಟೆ ಲೆಕ್ಕ ಕೊಡುವವರನ್ನು ನಂಬಬಹುದು.

ಪಂಜರದಲ್ಲಿ ಬೆಕ್ಕು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಬೇಕು, ಗಾಳಿ ಎಲ್ಲ ಕಡೆಯಿಂದ ಆಡಬೇಕು. ಪ್ರೀತಿಯಿಂದ ಉಣ್ಣೆಯ ಕಂಬಳಿ ಹಾಸುವವರಿದ್ದಾರೆ, ಸೆಕೆಗಾಲದಲ್ಲಿ ಅದು ಶಿಕ್ಷೆ. ಒದ್ದೆ ಹೀರುವ ತೆಳು ಪ್ಯಾಡ್ ಸಾಕು. ಬಾಗಿಲಿಗೆ ಸಿಕ್ಕಿಸುವ ನೀರಿನ ಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟು ಐಸ್ ಮಾಡಿದರೆ ನೀರು ಚೆಲ್ಲುವುದಿಲ್ಲ, ನಿಧಾನ ಕರಗಿ ದಾರಿಯುದ್ದಕ್ಕೂ ಸಿಗುತ್ತದೆ. ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ. ಕೂಗದೆ ಮಲಗಲಿ ಎಂದು ನಿದ್ರೆಯ ಮಾತ್ರೆಯಂತೂ ಖಂಡಿತ ಬೇಡ. ಅದು ಉಸಿರಾಟವನ್ನೂ, ಮೈಯ ಬಿಸಿ ಸರಿಹೊಂದಿಸುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಅದರ ಬದಲು ಒಂದು ತಿಂಗಳ ಮೊದಲೇ ಪಂಜರವನ್ನು ಹಾಲ್‌ನಲ್ಲಿ ಬಾಗಿಲು ತೆರೆದಿಟ್ಟು ಒಳಗೇ ತಿಂಡಿ ಇಡಿ, ಮಲಗುವ ಜಾಗ ಅದೇ ಎಂದು ರೂಢಿಯಾಗುತ್ತದೆ.

ಬೆಕ್ಕಿಗೆ ವಯಸ್ಸಾಗಿದ್ದರೆ, ಹೃದಯದ ತೊಂದರೆ ಇದ್ದರೆ, ಹೊರಡುವ ದಿನವೂ ಬದಲಾಗದಿದ್ದರೆ ಅಲ್ಲೇ ಇರುವ ನಂಬಿಕೆಯ ಮನೆಯವರಿಗೆ ಕೊಟ್ಟು ಬರುವುದೇ ಉತ್ತಮ. ಮಕ್ಕಳು ನಾಲ್ಕು ದಿನ ಅಳುತ್ತಾರೆ, ಅಳಲಿ. ತಿಂಗಳಿಗೊಂದು ವೀಡಿಯೊ ಕಾಲ್ ಮಾಡಬಹುದು. ಹೊಸ ಮನೆ ಹುಡುಕಲು ಸಮಯ ಬೇಕು, ವಿಮಾನದ ಹಿಂದಿನ ದಿನ ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೊ ಹಾಕಿದರೆ ಆಗುವ ಕೆಲಸ ಅಲ್ಲ.

ಬೆಂಗಳೂರಿನಲ್ಲಿ ಇಳಿದವರು ಶಿರಾಡಿ ಘಾಟಿಯನ್ನು ರಾತ್ರಿಯೋ, ನಸುಕಿಗೋ ದಾಟಿ. ಚಹಾಕ್ಕೆ ನಿಲ್ಲಿಸಿದಾಗ ಬೆಕ್ಕನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಬಿಸಿ ಏರುತ್ತದೆ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡತೊಡಗಿದರೆ, ಜೊಲ್ಲು ಸುರಿದರೆ, ತೂರಾಡಿದರೆ ತಡ ಮಾಡುವ ಹಾಗಿಲ್ಲ. ನಲ್ಲಿಯ ತಣ್ಣೀರಿನಲ್ಲಿ ಮೈ, ಪಾದ ಒದ್ದೆ ಮಾಡಿ, ಗಾಳಿ ಹಾಕುತ್ತಾ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಒತ್ತಾಯದಿಂದ ಬಾಯಿಗೆ ನೀರು ಹೊಯ್ಯಬೇಡಿ.

ಊರು ತಲುಪಿದ ಮೇಲೂ ಒಂದು ಎಚ್ಚರ. ಉಳ್ಳಾಲ, ಸುರತ್ಕಲ್‌ನ ಎಪ್ರಿಲ್ ಸೆಕೆ ಗಲ್ಫ್‌ನಷ್ಟು ಡಿಗ್ರಿ ತೋರಿಸುವುದಿಲ್ಲ, ಆದರೆ ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಏದುಸಿರಿನಿಂದ ಮೈ ತಣ್ಣಗಾಗುವುದು ಕಡಿಮೆ. ಟೆರೇಸಿನ ಮೇಲಿನ ಶೀಟಿನ ಕೋಣೆಗೆ ಅದನ್ನು ಹಾಕಬೇಡಿ. ಮೊದಲ ಕೆಲವು ವಾರ ಕೆಳಗಿನ ಕೋಣೆಯ ಬರಿಯ ನೆಲ, ತಲೆಯ ಮೇಲೊಂದು ಫ್ಯಾನ್, ಎರಡು ಕಡೆ ನೀರಿನ ಬಟ್ಟಲು ಇರಲಿ.