ಎರಡು ಡಿಸ್ಕುಗಳುಳ್ಳ ಕಂಪ್ಯೂಟರಿನಲ್ಲಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವ ಕ್ರಮ

ಈಗಿನ ಸಂಸಾರಗಳಲ್ಲಿ ಕಂಪ್ಯೂಟರು ಬರಿಯ ಲೆಕ್ಕದ ಯಂತ್ರವಾಗಿ ಉಳಿದಿಲ್ಲ. ಮಕ್ಕಳ ನಾಮಕರಣದ ಚಿತ್ರಗಳು, ಗತಿಸಿದ ಹಿರಿಯರ ಧ್ವನಿ, ಮನೆಯ ಕ್ರಯಪತ್ರದ ಪ್ರತಿ, ತೆರಿಗೆಯ ಕಾಗದಗಳು, ಇವೆಲ್ಲವೂ ಅದರಲ್ಲಿ ಸೇರಿರುತ್ತವೆ. ಇಂತಹ ಯಂತ್ರವನ್ನು ನಡೆಯಿಸುವ ಮೂಲ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಂ ಎಂಬುದನ್ನು, ಅಳಿಸಿ ಹೊಸದಾಗಿ ಸ್ಥಾಪಿಸುವ ಪ್ರಸಂಗವು ಈಚೆಗೆ ಅನೇಕ ಮನೆಗಳಲ್ಲಿ ಒದಗಿದೆ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದುದು ಇದಕ್ಕೊಂದು ಕಾರಣ.

ಕಾರ್ಯವೇನೋ ಕಷ್ಟವಾದುದಲ್ಲ. ಆದರೆ ಯಂತ್ರದಲ್ಲಿ ಎರಡು ಡಿಸ್ಕುಗಳಿದ್ದರೆ ಒಂದು ಅಪಾಯವುಂಟು. ಚಿಕ್ಕದಾದ, ವೇಗವುಳ್ಳ ಎಸ್.ಎಸ್.ಡಿ.ಯಲ್ಲಿ ವಿಂಡೋಸೂ, ದೊಡ್ಡದಾದ ಹಾರ್ಡ್ ಡಿಸ್ಕಿನಲ್ಲಿ ಸಂಸಾರದ ಸಾಮಗ್ರಿಯೂ ಇರುವುದು ವಾಡಿಕೆ. ಸ್ಥಾಪನೆಯ ಸಮಯದಲ್ಲಿ ಇವು ಸಿ, ಡಿ ಎಂಬ ಪರಿಚಿತ ಅಕ್ಷರಗಳಿಂದ ಕಾಣದೆ, ಡಿಸ್ಕ್ ಸೊನ್ನೆ, ಡಿಸ್ಕ್ ಒಂದು ಎಂಬ ಎಣಿಕೆಯಿಂದ ಕಾಣುತ್ತವೆ. ಸೊನ್ನೆಯೆಂಬುದು ವಿಂಡೋಸ್ ಇದ್ದ ಡಿಸ್ಕೇ ಆಗಿರಬೇಕೆಂಬ ನಿಯಮವಿಲ್ಲ. ಗಾತ್ರದಿಂದ ಗುರುತಿಸೋಣವೆಂದರೆ, ೧೦೦೦ ಜಿ.ಬಿ. ಎಂದು ಕೊಂಡು ತಂದುದು ೯೩೧ ಎಂದೂ, ೨೫೬ ಜಿ.ಬಿ.ಯದು ೨೩೮ ಎಂದೂ ತೋರುತ್ತದೆ. ಮಾರುವವರು ಸಾವಿರದ ಲೆಕ್ಕದಿಂದಲೂ ವಿಂಡೋಸು ೧೦೨೪ರ ಲೆಕ್ಕದಿಂದಲೂ ಅಳೆಯುವುದೇ ಇದರ ಕಾರಣವಲ್ಲದೆ ಡಿಸ್ಕಿನ ದೋಷವಲ್ಲ. ಎರಡೂ ಒಂದೇ ಗಾತ್ರದವಾಗಿದ್ದರಂತೂ ಗೊಂದಲವು ಇಮ್ಮಡಿಯಾಗುವುದು. ಅಲ್ಲಿ ತಪ್ಪಾದ ಸಾಲನ್ನು ಆರಿಸಿ 'ಡಿಲೀಟ್' ಎಂದು ಒತ್ತಿದರೆ, ಇಪ್ಪತ್ತು ವರ್ಷಗಳ ಸಂಗ್ರಹವು ಕ್ಷಣಮಾತ್ರದಲ್ಲಿ ಕಣ್ಮರೆಯಾದೀತು.

ಹಳೆಯ ಮನೆಯ ಮಾಡನ್ನು ಬಿಚ್ಚಿಸುವ ವಿವೇಕಿಯು ಮೊದಲು ಕಾಗದಪತ್ರಗಳ ಪೆಟ್ಟಿಗೆಯನ್ನು ನೆರೆಮನೆಗೆ ಸಾಗಿಸುತ್ತಾನೆ. ಇಲ್ಲಿಯೂ ಅದೇ ನೀತಿ. ಸಾಮಗ್ರಿಯಿರುವ ಡಿಸ್ಕನ್ನು ಯಂತ್ರದಿಂದ ಬಿಡಿಸಿಟ್ಟ ಮೇಲೆಯೇ ಕೆಲಸವನ್ನಾರಂಭಿಸತಕ್ಕದ್ದು. ಕಾಣದ ಡಿಸ್ಕನ್ನು ಯಾರೂ ಅಳಿಸಲಾರರು.

ಇದಕ್ಕೂ ಮುಂಚೆ ಮೂರು ಸಿದ್ಧತೆಗಳು ಅವಶ್ಯ. ಮೊದಲನೆಯದಾಗಿ, ಬೇಕಾದುದೆಲ್ಲವನ್ನೂ ಹೊರಗಿನದೊಂದು ಡಿಸ್ಕಿಗೆ ಪ್ರತಿಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. 'ನಮ್ಮದೆಲ್ಲ ಡಿಯಲ್ಲಿದೆ' ಎಂದು ನಂಬಿರುವವರು ಅನೇಕರು; ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಂಬ ಸ್ಥಳಗಳಲ್ಲಿ ಇಟ್ಟುದು ಸಾಮಾನ್ಯವಾಗಿ ಅಳಿಸಲಿರುವ ಸಿ ಡ್ರೈವಿನಲ್ಲಿಯೇ ಇರುತ್ತದೆ. ಎರಡನೆಯದಾಗಿ, ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವನ್ನು ಹಾಕಿದ್ದರೆ ಅದರ ೪೮ ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹೊಸ ವಿಂಡೋಸು ಅದನ್ನು ಕೇಳಿದಾಗ ಕೊಡಲಾರದಿದ್ದರೆ, ಡಿಸ್ಕು ಕೈಯಲ್ಲಿದ್ದೂ ಇಲ್ಲದಂತೆಯೇ ಸರಿ. ಮೂರನೆಯದಾಗಿ, ಕನಿಷ್ಠ ೮ ಜಿ.ಬಿ.ಯ ಪೆನ್ ಡ್ರೈವೊಂದರಲ್ಲಿ ಮೈಕ್ರೋಸಾಫ್ಟಿನವರ ತಾಣದಿಂದಲೇ ವಿಂಡೋಸನ್ನು ತುಂಬಿಕೊಳ್ಳಬೇಕು. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ಮರೆಯಬಾರದು.

ಅನಂತರ ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ದೊಡ್ಡ ಡಿಸ್ಕಿಗೆ ಹೋಗುವ ಎರಡು ಕೇಬಲುಗಳನ್ನೂ ಮೆಲ್ಲನೆ ಬಿಡಿಸಬೇಕು. ಲ್ಯಾಪ್‌ಟಾಪುಗಳಲ್ಲಿ ಇದು ಎಲ್ಲರಿಗೂ ಸಾಧ್ಯವಾಗದು; ಅಂತಹವರು ಬಲ್ಲವರ ನೆರವನ್ನು ಪಡೆಯುವುದು ಲೇಸು.

ಡಿಸ್ಕನ್ನು ಬಿಡಿಸುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಯಂತ್ರವನ್ನು ಎಬ್ಬಿಸುವ ಚಿಕ್ಕದೊಂದು ಕಾರ್ಯಕ್ರಮವನ್ನು ವಿಂಡೋಸು ಇ.ಎಫ್.ಐ. ಎಂಬ ಪ್ರತ್ಯೇಕ ಭಾಗದಲ್ಲಿ ಇಡುತ್ತದೆ. ಎರಡನೆಯ ಡಿಸ್ಕಿನಲ್ಲಿ ಅಂತಹ ಹಳೆಯ ಭಾಗವಿದ್ದರೆ, ವಿಂಡೋಸನ್ನು ಒಂದರಲ್ಲಿ ಹಾಕಿದರೂ ಈ ಕಾರ್ಯಕ್ರಮವು ಇನ್ನೊಂದರಲ್ಲಿ ಸೇರಿಬಿಡಬಹುದು. ಮುಂದೊಂದು ದಿನ ಹಳೆಯ ಡಿಸ್ಕು ಕೆಟ್ಟರೆ, ಹೊಸದು ಚೆನ್ನಾಗಿದ್ದರೂ ಯಂತ್ರವು ಏಳುವುದಿಲ್ಲ. ಒಂದೇ ಡಿಸ್ಕನ್ನು ಉಳಿಸಿಕೊಂಡು ಸ್ಥಾಪಿಸಿದವರಿಗೆ ಈ ತೊಡಕಿಲ್ಲ.

ಸ್ಥಾಪನೆ ಮುಗಿದು ಒಂದೆರಡು ಸಲ ಸರಿಯಾಗಿ ನಡೆದುದನ್ನು ಕಂಡ ಬಳಿಕ, ಯಂತ್ರವನ್ನು ಪುನಃ ನಿಲ್ಲಿಸಿ ದೊಡ್ಡ ಡಿಸ್ಕನ್ನು ಜೋಡಿಸತಕ್ಕದ್ದು. ಡಿ ಎಂದಿದ್ದುದು ಇ ಎಂದು ಕಂಡರೆ ಗಾಬರಿಪಡಬೇಕಾದುದಿಲ್ಲ, ಅಕ್ಷರವನ್ನು ಬದಲಾಯಿಸಿಕೊಳ್ಳಬಹುದು. ಆದರೆ 'ಫಾರ್ಮ್ಯಾಟ್ ಮಾಡಬೇಕೆ' ಎಂಬ ಪ್ರಶ್ನೆಯೆದ್ದರೆ ಎಂದಿಗೂ ಒಪ್ಪಬಾರದು. ನುಡಿ, ಬರಹ ಮೊದಲಾದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಕಡತಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡುವೆಂದು ಅವನ್ನು ಎಸೆದುಬಿಡುವುದೂ ಸಲ್ಲದು. ಆ ಅಕ್ಷರಶೈಲಿಗಳನ್ನು ಮತ್ತೆ ಹಾಕಿದೊಡನೆ ಕನ್ನಡವು ಮೊದಲಿನಂತೆಯೇ ಮೂಡುವುದು.

ಇಷ್ಟಾದರೂ ಅಕಸ್ಮಾತ್ತಾಗಿ ಏನಾದರೂ ಅಳಿದುಹೋದರೆ, ಆ ಡಿಸ್ಕಿನ ಮೇಲೆ ಮತ್ತೇನನ್ನೂ ಬರೆಯದೆ ಯಂತ್ರವನ್ನು ಒಡನೆಯೇ ನಿಲ್ಲಿಸಬೇಕು. ಹಾರ್ಡ್ ಡಿಸ್ಕಿನಲ್ಲಿ ಹೊಸ ಬರವಣಿಗೆ ಬೀಳುವವರೆಗೆ ಹಳೆಯದು ಬಹುಮಟ್ಟಿಗೆ ಉಳಿದಿರುತ್ತದೆ. ತಜ್ಞರು ಅದನ್ನು ಹೊರತೆಗೆಯಬಲ್ಲರು. ಎಸ್.ಎಸ್.ಡಿ.ಯಾದರೋ ಅಳಿಸಿದ ಜಾಗವನ್ನು ತಾನಾಗಿಯೇ ಶುಚಿಮಾಡಿಕೊಳ್ಳುವುದರಿಂದ ಆಸೆಗೆ ಎಡೆಯು ಕಡಮೆ.

ಕಡೆಯದಾಗಿ ಒಂದು ಮಾತು. ಒಂದೇ ಪೆಟ್ಟಿಗೆಯೊಳಗೆ ಎರಡು ಡಿಸ್ಕುಗಳಿದ್ದ ಮಾತ್ರಕ್ಕೆ ಎರಡು ಪ್ರತಿಗಳಿವೆಯೆಂದು ನೆಮ್ಮದಿಯಿಂದಿರುವುದು ಸರಿಯಲ್ಲ. ಸಿಡಿಲು, ಕಳ್ಳತನ, ನೀರು, ಇವು ಎರಡನ್ನೂ ಏಕಕಾಲದಲ್ಲಿ ಕೊಂಡೊಯ್ಯಬಲ್ಲವು. ಆದುದರಿಂದ ಈ ಸಂದರ್ಭದಲ್ಲಿ ಮಾಡಿದ ಹೊರಗಿನ ಪ್ರತಿಯನ್ನು ಕೆಲಸ ಮುಗಿಯಿತೆಂದು ಅಳಿಸದೆ, ಮನೆಯ ಬೀರುವಿನಲ್ಲಿಯೋ ಬಂಧುಗಳಲ್ಲಿಯೋ ಇರಿಸಿ, ವರ್ಷಕ್ಕೆರಡು ಬಾರಿಯಾದರೂ ಹೊಸತನ್ನು ಅದಕ್ಕೆ ಸೇರಿಸುತ್ತ ಬಂದರೆ ಗೃಹಸ್ಥರಿಗೆ ಕ್ಷೇಮ.