ಹತ್ತು ಸೆಕೆಂಡಿನ ಮಾತಿಗೆ ಮೂರು ವರ್ಷದ ತಯಾರಿ

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಬೂವೆ ಎಂಬ ದ್ವೀಪವಿದೆ. ವಿಸ್ತೀರ್ಣ ಸುಮಾರು 49 ಚದರ ಕಿಲೋಮೀಟರ್. ಅದರ ಹತ್ತರಲ್ಲಿ ಒಂಬತ್ತು ಪಾಲು ಹಿಮನದಿಯಡಿ ಹುದುಗಿದೆ. ತೀರಾ ಹತ್ತಿರದ ದೊಡ್ಡ ನೆಲವೆಂದರೆ ದಕ್ಷಿಣಕ್ಕೆ ಸುಮಾರು 1,700 ಕಿ.ಮೀ. ಆಚೆಗಿನ ಅಂಟಾರ್ಕ್ಟಿಕಾ, ಆಫ್ರಿಕಾದ ತುದಿ ಸುಮಾರು 2,500 ಕಿ.ಮೀ. ದೂರ. 1739ರ ಜನವರಿ 1ರಂದು ಫ್ರೆಂಚ್ ನಾವಿಕ ಬೂವೆ ದ ಲೊಜಿಯೆ ಇದನ್ನು ಕಂಡ, ಆದರೆ ಇಳಿಯಲಾಗಲಿಲ್ಲ. ಈಗ ನಾರ್ವೆಯ ಅಧೀನದಲ್ಲಿರುವ ಈ ದ್ವೀಪ 1971ರಿಂದ ಸಂರಕ್ಷಿತ ಪ್ರದೇಶ. ಊರಿಲ್ಲ, ಬಂದರಿಲ್ಲ, ವಿಮಾನ ಇಳಿಯಲು ಜಾಗವಿಲ್ಲ. ಪೆಂಗ್ವಿನ್‌ಗಳೂ ಸೀಲ್‌ಗಳೂ ಇವೆ. ಇಲ್ಲಿಂದ ಹೊರಡುವ ಒಂದೇ ಒಂದು ರೇಡಿಯೊ ಕರೆಗಾಗಿ ಜಗತ್ತಿನ ಸಾವಿರಾರು ಹ್ಯಾಮ್‌ಗಳು ದಶಕಗಟ್ಟಲೆ ಕಾಯುತ್ತಾರೆ.

ಸರ್ಕಾರದಿಂದ ಲೈಸೆನ್ಸ್ ಪಡೆದು, ಸ್ವಂತ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಲಾಭದ ಆಸೆಯಿಲ್ಲದೆ ಬಾನುಲಿಯಲ್ಲಿ ಪರಸ್ಪರ ಮಾತಾಡುವವರು ಹ್ಯಾಮ್‌ಗಳು. ದೂರದೂರದ ನಾಡುಗಳನ್ನು ಸಂಪರ್ಕಿಸಿ ಪಟ್ಟಿ ಬೆಳೆಸುವುದು ಇವರಲ್ಲಿ ಹಲವರ ಹಂಬಲ. ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ 1937ರಲ್ಲಿ ಇದಕ್ಕೊಂದು ಪ್ರಶಸ್ತಿ ಶುರುಮಾಡಿತು. ಅದರ ಹೆಸರು ಡಿಎಕ್ಸ್‌ಸಿಸಿ. ನೂರು ನಾಡುಗಳ ಸಂಪರ್ಕ ಖಚಿತವಾದರೆ ಪ್ರಮಾಣಪತ್ರ ಸಿಗುತ್ತದೆ. ಒಟ್ಟು ಪಟ್ಟಿಯಲ್ಲಿ ಈಗ 340 ಹೆಸರುಗಳಿವೆ. ಇಲ್ಲಿನ ಲೆಕ್ಕ ರಾಜಕೀಯ ನಕ್ಷೆಯದಲ್ಲ. ತಾಯ್ನಾಡಿನಿಂದ ಸಾಕಷ್ಟು ದೂರವಿರುವ ದ್ವೀಪವನ್ನು ಪ್ರತ್ಯೇಕವಾಗಿ ಎಣಿಸುತ್ತಾರೆ. ಹಾಗಾಗಿ ನಮ್ಮ ಅಂಡಮಾನ್-ನಿಕೋಬಾರ್ ಒಂದು ಹೆಸರು, ಲಕ್ಷದ್ವೀಪ ಇನ್ನೊಂದು, ಭಾರತದ ಮುಖ್ಯಭೂಮಿ ಮತ್ತೊಂದು. ಮುನ್ನೂರು ದಾಟುವವರೆಗೆ ಮನೆಯಲ್ಲಿ ಕೂತು ಸಾಧಿಸಬಹುದು. ಅಲ್ಲಿಂದ ಮುಂದೆ ಉಳಿಯುವುದು ಹೆಚ್ಚಾಗಿ ಜನವಸತಿಯೇ ಇಲ್ಲದ ಬಂಡೆಗಳು. ಅಲ್ಲಿಂದ ಯಾರೂ ಕರೆಯುವುದಿಲ್ಲ; ಯಾರಾದರೂ ಹೋಗಿ ಕರೆಯಬೇಕು. ಹೀಗೆ ಹೋಗುವ ಪಯಣಕ್ಕೆ ಹ್ಯಾಮ್‌ಗಳು ಡಿಎಕ್ಸ್‌ಪೆಡಿಷನ್ ಎನ್ನುತ್ತಾರೆ.

ದ್ವೀಪದಲ್ಲಿ ಇರುವುದು ಹತ್ತು-ಹದಿನೈದು ದಿನ, ತಯಾರಿ ಎರಡು-ಮೂರು ವರ್ಷದ್ದು. ಅದು ಶುರುವಾಗುವುದು ಕಾಗದಪತ್ರದಿಂದ. ದ್ವೀಪಕ್ಕೆ ಕಾಲಿಡಲು ಒಂದು ಅನುಮತಿ ಬೇಕು, ಪ್ರಸಾರಕ್ಕೆ ಇನ್ನೊಂದು. ಬೂವೆಗೆ ಹೋಗುವವರು ನಾರ್ವೆಯ ಧ್ರುವ ಸಂಶೋಧನಾ ಸಂಸ್ಥೆಯನ್ನು ಒಪ್ಪಿಸಬೇಕು: ಹಕ್ಕಿಗಳ ಮರಿ ಮಾಡುವ ಜಾಗದಿಂದ ಎಷ್ಟು ದೂರ ಡೇರೆ ಹಾಕುತ್ತೀರಿ, ಪೆಟ್ರೋಲ್ ಚೆಲ್ಲಿದರೆ ಏನು ಮಾಡುತ್ತೀರಿ, ಮಲಮೂತ್ರ ಎಲ್ಲಿಗೆ, ಯಾರಿಗಾದರೂ ಕಾಲು ಮುರಿದರೆ ಹೊತ್ತು ತರುವುದು ಹೇಗೆ. ಇಂಥ ದ್ವೀಪಗಳಿಗೆ ಹೊರಗಿನ ಒಂದು ಹುಲ್ಲಿನ ಬೀಜವೂ ಹೋಗಕೂಡದು. ಆದ್ದರಿಂದ ಹೊರಡುವ ಮೊದಲು ಬೂಟಿನ ತಳ ಉಜ್ಜುತ್ತಾರೆ, ಜಾಕೆಟ್ಟಿನ ಜೇಬು ತಿರುವಿ ವ್ಯಾಕ್ಯೂಮ್ ಹಿಡಿಯುತ್ತಾರೆ, ವೆಲ್ಕ್ರೊ ಪಟ್ಟಿಯ ಸಂದಿನಲ್ಲಿ ಸಿಕ್ಕಿಕೊಂಡ ಎಳೆಗಳನ್ನು ಚಿಮಟದಿಂದ ಕೀಳುತ್ತಾರೆ. ಅನುಮತಿಯ ದಾಖಲೆ ತೋರಿಸದಿದ್ದರೆ ಆ ದ್ವೀಪದಿಂದ ಮಾಡಿದ ಸಂಪರ್ಕವನ್ನು ಪ್ರಶಸ್ತಿಗೆ ಪರಿಗಣಿಸುವುದೂ ಇಲ್ಲ.

ಹಣದ ಮಾತು ಬೇಗ ಮುಗಿಸಬಹುದು, ಹೊಂದಿಸುವುದು ಮಾತ್ರ ಕಷ್ಟ. ಬೂವೆಯಂಥ ಪಯಣಕ್ಕೆ ಹಲವು ಲಕ್ಷ ಡಾಲರ್ ಬೇಕು, ಸಿಂಹಪಾಲು ಹಡಗಿಗೆ ಹೋಗುತ್ತದೆ. ದೊಡ್ಡ ಭಾಗವನ್ನು ಹೋಗುವವರೇ ಕೈಯಿಂದ ಹಾಕುತ್ತಾರೆ. ಉಳಿದದ್ದು ಉತ್ತರ ಕ್ಯಾಲಿಫೋರ್ನಿಯಾ ಡಿಎಕ್ಸ್ ಫೌಂಡೇಶನ್‌ನಂಥ ಸಂಸ್ಥೆಗಳಿಂದ, ಊರೂರಿನ ಕ್ಲಬ್‌ಗಳಿಂದ, ಐದು-ಹತ್ತು ಡಾಲರ್ ಕಳಿಸುವ ಸಾಮಾನ್ಯ ಹ್ಯಾಮ್‌ಗಳಿಂದ ಬರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವುದು ಸಾಮಾನಿನ ಪಟ್ಟಿ. ಈ ಹವ್ಯಾಸದ ಜಾಣತನವೆಲ್ಲ ಅಲ್ಲಿ ಕಾಣುತ್ತದೆ. ದ್ವೀಪದಲ್ಲಿ ಅಂಗಡಿಯಿಲ್ಲ, ಮರೆತ ಒಂದು ಸ್ಕ್ರೂಡ್ರೈವರ್ ಇಡೀ ಕೇಂದ್ರವನ್ನು ಮೂಲೆಗೆ ತಳ್ಳಬಹುದು. ಹಾಗೆಂದು ಎಲ್ಲವನ್ನೂ ಎರಡೆರಡು ಒಯ್ಯಲೂ ಆಗದು, ಪ್ರತಿ ಕಿಲೋವನ್ನೂ ಅಲೆ ದಾಟಿಸಿ ದಡಕ್ಕೆ ಹೊರಬೇಕು. ಒಂದು ಚಿಕ್ಕ ಜನರೇಟರ್ ದಿನಕ್ಕೆ ಹತ್ತು-ಹದಿನೈದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅಂಥ ಐದಾರು ಇದ್ದರೆ ಹತ್ತು ದಿನಕ್ಕೆ ಎಷ್ಟು ಡಬ್ಬಿ ಎಂದು ಲೆಕ್ಕ ಹಾಕಿದಾಗಲೇ ಯೋಜನೆಯ ಅರ್ಧ ಆಸೆ ಇಳಿದುಹೋಗುತ್ತದೆ. ಆಗ ಪಟ್ಟಿಯ ಮೇಲೆ ಗೀಟು ಬೀಳತೊಡಗುತ್ತದೆ. ಭಾರದ ಲೋಹದ ಆಂಟೆನಾ ಬೇಡ, ಫೈಬರ್‌ಗ್ಲಾಸ್ ಕೋಲಿಗೆ ತಂತಿ ಕಟ್ಟಿ ನೀರಿನಂಚಿನಲ್ಲೇ ನೆಟ್ಟಗೆ ನಿಲ್ಲಿಸೋಣ ಎನ್ನುತ್ತಾರೆ. ಇದರಲ್ಲಿ ಲಾಭವೂ ಇದೆ. ಉಪ್ಪುನೀರು ರೇಡಿಯೊ ಅಲೆಗೆ ಬಹಳ ಒಳ್ಳೆಯ ನೆಲ. ಅಲೆ ದಿಗಂತಕ್ಕೆ ತಗ್ಗಾಗಿ ಹೊರಟು ಬಹುದೂರ ತಲುಪುತ್ತದೆ. 2008ರಲ್ಲಿ ಪೆಸಿಫಿಕ್‌ನ ಡ್ಯೂಸಿ ದ್ವೀಪಕ್ಕೆ ಹೋದ ತಂಡ ದಡದ ಇಂಥ ಆಂಟೆನಾಗಳನ್ನು ಚೆನ್ನಾಗಿ ಬಳಸಿ, ಎರಡು ವಾರಕ್ಕಿಂತ ತುಸು ಹೆಚ್ಚು ಅವಧಿಯಲ್ಲಿ 1,83,686 ಸಂಪರ್ಕ ಸಾಧಿಸಿತು.

ಕೇಬಲ್ಲಿನ ತುದಿಯನ್ನೇ ನೋಡಿ. ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೊಆಕ್ಸಿಯಲ್ ಕೇಬಲ್ಲಿನ ಎರಡೂ ತುದಿಗೆ ಪಿಎಲ್-259 ಎಂಬ ಹೆಬ್ಬೆರಳು ಗಾತ್ರದ ಕನೆಕ್ಟರ್ ಇರುತ್ತದೆ. ಮೇಲಿನ ರಬ್ಬರ್ ಸುಲಿದು, ಒಳಗಿನ ತಾಮ್ರದ ಜಾಲರಿಯ ಒಂದೆಳೆಯೂ ನಡುವಿನ ತಂತಿಗೆ ತಾಗದಂತೆ ಬಿಡಿಸಿ, ಬೆಸುಗೆ ಹಾಕಬೇಕು. ಮನೆಯಲ್ಲಿ ಇದು ಐದು ನಿಮಿಷದ ಕೆಲಸ. ಮಂಜು ಸುರಿಯುವ ಕಡೆ ಮರಗಟ್ಟಿದ ಬೆರಳಿನಲ್ಲಿ, ಗಾಳಿಗೆ ಕಾವೇ ನಿಲ್ಲದ ಬೆಸುಗೆ ಕಡ್ಡಿ ಹಿಡಿದು ಮಾಡಲಾಗದು. ಅದಕ್ಕೇ ಎಲ್ಲ ಕೇಬಲ್‌ಗಳನ್ನೂ ಮೊದಲೇ ಕತ್ತರಿಸಿ, ಬೆಸೆದು, ಮೀಟರ್ ಹಿಡಿದು ನೋಡಿ, ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿ, ಎರಡೂ ತುದಿಗೆ ಒಂದೇ ಬಣ್ಣದ ಪಟ್ಟಿ ಅಂಟಿಸುತ್ತಾರೆ. ಆಮೇಲೆ ಯಾರದೋ ಹಿತ್ತಿಲಿನಲ್ಲೋ ಹೊಲದಲ್ಲೋ ಇಡೀ ಶಿಬಿರವನ್ನು ಒಮ್ಮೆ ಎಬ್ಬಿಸಿ ತಾಲೀಮು ನಡೆಸುತ್ತಾರೆ. ನಾಲ್ಕಾರು ಕೇಂದ್ರಗಳು ಅಕ್ಕಪಕ್ಕದಲ್ಲೇ ಏಕಕಾಲಕ್ಕೆ ಪ್ರಸಾರ ಮಾಡಿದರೆ ಒಂದರ ಗದ್ದಲ ಇನ್ನೊಂದರ ಕಿವಿ ಮುಚ್ಚುತ್ತದೆ. ಅದನ್ನು ತಡೆಯುವ ಫಿಲ್ಟರ್‌ಗಳು ಕೆಲಸ ಮಾಡುತ್ತವೆಯೇ ಎಂಬುದು ಇಂಥ ತಾಲೀಮಿನಲ್ಲೇ ಗೊತ್ತಾಗಬೇಕು.

ಇಷ್ಟಾದರೂ ಕಡಲು ಒಪ್ಪಬೇಕು. 2018ರ ಜನವರಿಯಲ್ಲಿ 3ವೈ0ಝೆಡ್ ಎಂಬ ಕರೆಸಂಕೇತದ ತಂಡ ಚಿಲಿಯ ಪುಂಟಾ ಅರೆನಾಸ್‌ನಿಂದ ಬೂವೆಗೆ ಹೊರಟಿತು. ಇಳಿಯಲು ಹೆಲಿಕಾಪ್ಟರ್‌ಗಳೂ ಹಡಗಿನಲ್ಲಿದ್ದವು. ದ್ವೀಪ ಕಣ್ಣೆದುರಿಗಿತ್ತು. ಆದರೆ ಮಂಜು ಮತ್ತು ತಗ್ಗು ಮೋಡ ಹಾರಲು ಬಿಡಲಿಲ್ಲ. ಕಾಯುತ್ತಿದ್ದಾಗಲೇ ಹಡಗಿನ ಎಂಜಿನ್ ಕೈಕೊಟ್ಟಿತು. ಕ್ಯಾಪ್ಟನ್ ಕೇಪ್‌ಟೌನ್ ಕಡೆ ತಿರುಗಿಸಿದರು. ವರ್ಷಗಳ ದುಡಿಮೆ ಒಂದೇ ಒಂದು ಸಂಪರ್ಕವೂ ಆಗದೆ ಮುಗಿಯಿತು. ಆ ನಿರ್ಧಾರವನ್ನು ಸೋಲೆಂದು ಬರೆದವರಿದ್ದಾರೆ, ನನಗೆ ಹಾಗೆ ಅನಿಸುವುದಿಲ್ಲ. ನೆರವಿಗೆ ಬರುವ ಹಡಗು ದಿನಗಟ್ಟಲೆ ದೂರದಲ್ಲಿರುವ ಕಡಲಿನಲ್ಲಿ ಎಲ್ಲರನ್ನೂ ಜೀವಂತ ಮನೆಗೆ ಮುಟ್ಟಿಸುವುದೇ ಮುಂದಾಳುವಿನ ಮೊದಲ ಹೊಣೆ.

ಐದು ವರ್ಷದ ಬಳಿಕ, 2023ರಲ್ಲಿ, 3ವೈ0ಜೆ ತಂಡ 'ಮರಾಮಾ' ಎಂಬ ಹಾಯಿ ದೋಣಿಯಲ್ಲಿ ಹೋಯಿತು. ಈ ಸಲ ಹೆಲಿಕಾಪ್ಟರ್ ಇರಲಿಲ್ಲ, ರಬ್ಬರ್ ದೋಣಿಯೇ ಗತಿ. ಅಲೆಯ ಹೊಡೆತಕ್ಕೆ ದೋಣಿಯನ್ನು ದಡದವರೆಗೆ ಒಯ್ಯಲಾಗದೆ, ನೀರು ನುಗ್ಗದ ಉಡುಪು ತೊಟ್ಟವರು ಕೊನೆಯ ದೂರವನ್ನು ಹಗ್ಗ ಹಿಡಿದು ನೀರಿನಲ್ಲೇ ದಾಟಿದರು. ಅಂದುಕೊಂಡ ಸಾಮಾನಿನಲ್ಲಿ ಹೆಚ್ಚಿನದನ್ನು ಇಳಿಸಲಾಗಲಿಲ್ಲ. ದೊಡ್ಡ ಶಿಬಿರದ ಆಸೆ ಬಿಟ್ಟು ಚಿಕ್ಕ ಡೇರೆ, ನೂರು ವಾಟಿನ ರೇಡಿಯೊ, ಸರಳ ಆಂಟೆನಾ ಇಷ್ಟರಲ್ಲೇ ಕೂತರು. ಆದರೂ ಸುಮಾರು 19 ಸಾವಿರ ಸಂಪರ್ಕಗಳಾದವು. ದೊಡ್ಡ ಯೋಜನೆಯೊಳಗೆ ಒಂದು ಚಿಕ್ಕ ಯೋಜನೆಯನ್ನೂ ಮಡಿಸಿಟ್ಟುಕೊಂಡಿದ್ದರಿಂದ ಇದು ಸಾಧ್ಯವಾಯಿತು.

ಒಮ್ಮೆ ಕರೆ ಹೊರಟ ಮೇಲೆ ಏನಾಗುತ್ತದೆ? ಸಾವಿರಾರು ಮಂದಿ ಒಟ್ಟಿಗೆ ಉತ್ತರಿಸುತ್ತಾರೆ. ಇದಕ್ಕೆ ಪೈಲ್-ಅಪ್ ಎನ್ನುತ್ತಾರೆ. ಕಿವಿಗೆ ಕೇಳುವುದು ಅಕ್ಷರವಲ್ಲ, ಸಂತೆಯ ಮೊರೆತ. ಆಪರೇಟರ್ ಒಂದು ಕಡೆ ಮಾತಾಡಿ 'ಅಪ್ ಫೈವ್' ಎಂದು ಐದು ಕಿಲೋಹರ್ಟ್ಸ್ ಮೇಲೆ ಕೇಳುತ್ತಾರೆ, ಇಲ್ಲವಾದರೆ ಅವರ ಧ್ವನಿಯೇ ಆ ಗದ್ದಲದಲ್ಲಿ ಮುಳುಗುತ್ತದೆ. ಮೊರೆತದಿಂದ ಎಲ್, ಸಿ ಎಂಬ ಎರಡಕ್ಷರ ಹೆಕ್ಕಿ 'ಲಿಮಾ ಚಾರ್ಲಿ?' ಎನ್ನುತ್ತಾರೆ. ಆ ಅಕ್ಷರ ಇರುವವರು ಪೂರ್ತಿ ಕರೆಸಂಕೇತ ಹೇಳಬೇಕು, ಉಳಿದವರು ಸುಮ್ಮನಿರಬೇಕು. 'ಫೈವ್ ನೈನ್' ಎಂದರೆ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಎಂದರ್ಥ. 'ಫೈವ್ ನೈನ್.' 'ಫೈವ್ ನೈನ್, ಥ್ಯಾಂಕ್ಯೂ.' ಹತ್ತು ಸೆಕೆಂಡ್ ಸಹ ಆಗುವುದಿಲ್ಲ, ಮುಂದಿನವರ ಸರದಿ. ನುರಿತವರು ಗಂಟೆಗೆ ನೂರು-ಇನ್ನೂರು ಮಂದಿಯನ್ನು ಹೀಗೆ ದಾಟಿಸುತ್ತಾರೆ. 2017ರಲ್ಲಿ ಬಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ಕಂಪ್ಯೂಟರುಗಳೇ ಹದಿನೈದು ಸೆಕೆಂಡಿನ ಸರದಿಯಲ್ಲಿ ಈ ವಿನಿಮಯ ನಡೆಸುತ್ತವೆ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜೋ ಟೇಲರ್ ಭೌತವಿಜ್ಞಾನದ ನೊಬೆಲ್ ಪಡೆದವರು, ಹ್ಯಾಮ್ ಕೂಡ. ಮನುಷ್ಯರ ಕಿವಿಗೆ ಸಿಗದಷ್ಟು ಕ್ಷೀಣ ಸಂಕೇತವೂ ಅದರಲ್ಲಿ ದಾಟುತ್ತದೆ. ಹೀಗಾಗಿ ಬಾಲ್ಕನಿಯಲ್ಲಿ ತಂತಿ ಕಟ್ಟಿಕೊಂಡವರಿಗೂ ಒಂದು ಅವಕಾಶ ತೆರೆದಿದೆ.

ಬೆಂಗಳೂರಿನಿಂದ ಬೂವೆಗೆ ಸುಮಾರು ಹತ್ತು ಸಾವಿರ ಕಿಲೋಮೀಟರ್. ಅಂತರವಷ್ಟೇ ಅಡ್ಡಿಯಲ್ಲ, ಯುರೋಪು, ಜಪಾನ್, ಅಮೆರಿಕದ ಹ್ಯಾಮ್‌ಗಳ ದಂಡಿನ ನಡುವೆ ಭಾರತದ ಕೆಲವೇ ಧ್ವನಿಗಳು ಅಡಗಿಹೋಗುತ್ತವೆ. ಒಳ್ಳೆಯ ತಂಡ ಇದನ್ನು ಮೊದಲೇ ಯೋಚಿಸಿರುತ್ತದೆ. ಸೂರ್ಯ ಏಳುವ, ಮುಳುಗುವ ಹೊತ್ತು ಹಿಡಿದು ಯಾವ ಗಂಟೆಗೆ ಯಾವ ಖಂಡ ಕೇಳಿಸುತ್ತದೆ ಎಂದು ಪಟ್ಟಿ ಬರೆದು, ಆ ಹೊತ್ತಿಗೆ 'ಏಷ್ಯಾ ಮಾತ್ರ' ಎಂದು ಘೋಷಿಸಿ ಉಳಿದವರನ್ನು ಕಾಯಿಸುತ್ತದೆ. ಒಟ್ಟು ಸಂಪರ್ಕದ ದಾಖಲೆಗಿಂತ ಈ ನ್ಯಾಯವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ನಮ್ಮ ದ್ವೀಪಗಳ ಕಥೆಯೂ ಇದೆ. ಅಂಡಮಾನಿನಿಂದ ಹ್ಯಾಮ್ ಪ್ರಸಾರಕ್ಕೆ ಪ್ರತ್ಯೇಕ ಅನುಮತಿ ಬೇಕು, ಅದು 1987ರ ನಂತರ ಸಿಕ್ಕಿರಲೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ವರ್ಷಗಟ್ಟಲೆ ಪಟ್ಟು ಬಿಡದೆ ಅದನ್ನು ಪಡೆದು, 2004ರ ಡಿಸೆಂಬರಿನಲ್ಲಿ ಪೋರ್ಟ್‌ಬ್ಲೇರಿನ ಹೋಟೆಲೊಂದರಲ್ಲಿ ಕೇಂದ್ರ ತೆರೆದರು. ಜಗತ್ತು ಮುಗಿಬಿದ್ದು ಕರೆಯುತ್ತಿತ್ತು. ಡಿಸೆಂಬರ್ 26ರ ಬೆಳಗ್ಗೆ ನೆಲ ನಡುಗಿತು, ಹಿಂದೆಯೇ ಸುನಾಮಿ. ದೂರವಾಣಿ ಸತ್ತ ದ್ವೀಪದಲ್ಲಿ ಆಂಟೆನಾ, ರೇಡಿಯೊ, ಪಳಗಿದ ಆಪರೇಟರ್‌ಗಳು ಸಿದ್ಧರಾಗಿದ್ದರು. ಪಟ್ಟಿ ಬೆಳೆಸುವ ಆಟವನ್ನು ಅವರು ಅಲ್ಲಿಗೇ ನಿಲ್ಲಿಸಿದರು. ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಎಂಬ ಸುದ್ದಿಯನ್ನು ಮುಖ್ಯಭೂಮಿಯ ಹ್ಯಾಮ್‌ಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ನಿಕೋಬಾರ್ ಕಡೆಗೂ ರೇಡಿಯೊ ಹೊತ್ತು ಹೋದರು.

ಮುಂದೆ ಲಕ್ಷದ್ವೀಪದ ಬಾಗಿಲೂ ಹ್ಯಾಮ್‌ಗಳಿಗೆ ತೆರೆಯಿತು. ಅಲ್ಲಿನ ಅಮಿನದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಬಂದರಿಗೆ ನೆರೆಹೊರೆಯಂತಿದ್ದ ಅವು ಡಿಎಕ್ಸ್‌ಸಿಸಿ ಪಟ್ಟಿಯಲ್ಲಿ ವರ್ಷಗಟ್ಟಲೆ ಕೈಗೆಟುಕದ ನಾಡಿನ ಭಾಗವಾಗಿ ಉಳಿದಿದ್ದವು.

ಈಗ ಪಯಣದ ರೀತಿಯೇ ಬದಲಾಗುತ್ತಿದೆ. 2024ರ ಆಗಸ್ಟಿನಲ್ಲಿ ಪೆಸಿಫಿಕ್‌ನ ಜಾರ್ವಿಸ್ ದ್ವೀಪದಲ್ಲಿ ರೇಡಿಯೊಗಳನ್ನು ಪೆಟ್ಟಿಗೆಯಲ್ಲಿಟ್ಟು ದಡದಲ್ಲಿ ಬಿಟ್ಟು, ಆಪರೇಟರ್‌ಗಳು ಹತ್ತಿರದ ಹಡಗಿನಲ್ಲಿ ಕೂತು ನಡೆಸಿದರು. ಜಾರ್ವಿಸ್ ಕಡಲ ಹಕ್ಕಿಗಳ ಆಶ್ರಯತಾಣ. ಅಲ್ಲಿ ಮನುಷ್ಯರ ಡೇರೆ ಇಲ್ಲದಿರುವುದೇ ಒಳ್ಳೆಯದೆಂದು ನನಗನಿಸುತ್ತದೆ. ದಡದಲ್ಲಿ ಮಲಗದವರಿಗೆ ದ್ವೀಪದಿಂದ ಮಾತಾಡಿದ ಹೆಮ್ಮೆ ಸಲ್ಲುತ್ತದೆಯೇ ಎಂದು ಹಳಬರು ವಾದಿಸುತ್ತಾರೆ, ಆ ವಾದ ಇನ್ನೂ ನಡೆದಿದೆ.

ಆಸಕ್ತಿ ಇರುವವರಿಗೆ ದಾರಿ ಕಠಿಣವಲ್ಲ. 12 ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಮೇಲಿನ ದರ್ಜೆಗೆ ಮೋರ್ಸ್ ಕಲಿಯಬೇಕು, ಕೆಳಗಿನದಕ್ಕೆ ಬೇಕಿಲ್ಲ. ಬೆಂಗಳೂರಿನಲ್ಲಿ ತರಬೇತಿ ಕೊಡುವ ಕ್ಲಬ್‌ಗಳಿವೆ. ಮುಂದೆ ಎಂದಾದರೂ ಬೂವೆಯ ಕರೆ ಕೇಳಿಸಿದರೆ ಕೂಡಲೇ ಮೈಕ್ ಒತ್ತಬೇಡಿ. ಆಪರೇಟರ್ ಎಲ್ಲಿ ಕೇಳುತ್ತಿದ್ದಾರೆ, ಯಾವ ಖಂಡವನ್ನು ಕರೆಯುತ್ತಿದ್ದಾರೆ, ಈಗಷ್ಟೇ ಉತ್ತರ ಪಡೆದವರು ಎಷ್ಟು ಮೇಲಿದ್ದರು ಎಂದು ಕೆಲವು ನಿಮಿಷ ಆಲಿಸಿ, ಆಮೇಲೆ ಒಮ್ಮೆ ಮಾತ್ರ, ನಿಮ್ಮ ಪೂರ್ತಿ ಕರೆಸಂಕೇತ ಹೇಳಿ.